ತನುಜಾ ಬಾಯಾರ ನಾಲ್ಕು ಮನೆ

ಅನ್ನವ್ವ ತನುಜಾಳನ್ನು ಮೊದಲ ಸಲ ಕಂಡದ್ದು ಶ್ರಾವಣದ ಎರಡನೆಯ ಸೋಮವಾರ, ಶಿಗ್ಗಾಂವದ ಹೆದ್ದಾರಿ ಬದಿಯ ನರ್ಸಿಂಗ್ ಕಾಲೇಜಿನ ಗ್ರಂಥಾಲಯದಲ್ಲಿ. ಅನ್ನವ್ವನಿಗೂ ಅಲ್ಲಿ ಅದು ಕೆಲಸದ ಮೊದಲ ದಿನ. ಹಿರೇಬೆಂಡಿಗೇರಿಯಿಂದ ಏಳೂವರೆಯ ಬಸ್ಸಿಗೆ ಬಂದು, ಕಸಬರಿಗೆ ಹಿಡಿದು ಒಳಗೆ ಹೋದರೆ ನೆಲದ ತುಂಬ ಚೀಟಿಗಳು. ಫ್ಯಾನಿನ ಗಾಳಿಗೆ ಹಾರಿ ಕೆಲವು ಕಪಾಟಿನ ಕೆಳಗೆ ಹೊಕ್ಕಿದ್ದವು, ಕೆಲವು ಕುರ್ಚಿಯ ಕಾಲಿಗೆ ಸುತ್ತಿಕೊಂಡಿದ್ದವು. ಒಂದೊಂದರ ಮೇಲೂ ಇಂಗ್ಲಿಷಿನ ಒಂದೊಂದೇ ಶಬ್ದ. ಅನ್ನವ್ವನಿಗೆ ಸಹಿ ಮಾಡಲು ಬರುತ್ತಿತ್ತು, ಬಸ್ಸಿನ ಬೋರ್ಡು ಓದಲು ಬರುತ್ತಿತ್ತು, ಅಂಕಿ ಗೊತ್ತಿತ್ತು. ಅದರಾಚೆಗೆ ಇಲ್ಲ. ಆದರೂ ಅಕ್ಷರವಿದ್ದ ಕಾಗದಕ್ಕೆ ಕಸಬರಿಗೆ ತಾಗಿಸಲು ಮನಸ್ಸಾಗಲಿಲ್ಲ. ಒಂದೊಂದನ್ನೇ ಆಯ್ದು, ಧೂಳು ಕೊಡವಿ, ಮೇಜಿನ ಮೇಲೆ ಜೋಡಿಸಿ, ಗಾಳಿಗೆ ಹಾರದಂತೆ ಅದರ ಮೇಲೆ ಬೀಗ ಇಟ್ಟಳು. ಇಪ್ಪತ್ಮೂರು ಚೀಟಿಗಳಿದ್ದವು.

ಚಹಾ ಕುಡಿದು ಬಂದ ತನುಜಾ ಬಾಗಿಲಲ್ಲೇ ನಿಂತಳು. ಮೂವತ್ತೆಂಟರ ಹೆಂಗಸು, ಹಂಸಭಾವಿಯವಳು, ಈ ಗ್ರಂಥಾಲಯವನ್ನು ನೋಡಿಕೊಳ್ಳುವವಳು. ಮೂಗಿನ ತುದಿಗೆ ಜಾರಿದ ಕನ್ನಡಕ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು.

"ಇವನ್ನ ಗುಡಿಸಿ ಒಗೀಲಿಲ್ಲೇನ್ರಿ?"

"ಇಲ್ರಿ ಬಾಯಾರ."

"ನಿಮಗ ಓದಾಕ ಬರತೈತೇನು?"

"ಬರಂಗಿಲ್ರಿ."

"ಮತ್ತ, ಇವು ಬೇಕಾದುವು ಅಂತ ಹೆಂಗ ಗೊತ್ತಾತು?"

"ಗೊತ್ತಾಗಲಿಲ್ರಿ. ಅದಕ್ಕ ಒಗೀಲಿಲ್ಲ."

ತನುಜಾ ಕನ್ನಡಕ ಮೇಲೆ ಏರಿಸಿಕೊಂಡು ಅವಳನ್ನೇ ನೋಡಿದಳು. "ಈ ಒಂದು ಮಾತು ಕಲಿಸಾಕ ಹುಡುಗ್ಯಾರ ಮುಂದ ಮೂರು ವರ್ಷದಿಂದ ಒದರಾಕತ್ತೇನಿ. ಬರ್ರಿ, ಕುಂತ್ರಿ," ಅಂದಳು. ಕೈಯಲ್ಲಿ ಕಸಬರಿಗೆ ಹಿಡಿದುಕೊಂಡೇ ಅನ್ನವ್ವ ಕುರ್ಚಿಯ ಅಂಚಿಗೆ ಕುಳಿತಳು.

ತನುಜಾಳ ಕೆಲಸ ಏನೆಂಬುದು ಅನ್ನವ್ವನಿಗೆ ತಿಳಿಯಲು ಎರಡು ತಿಂಗಳು ಹಿಡಿಯಿತು. ಜಗತ್ತಿನ ತುಂಬ ಡಾಕ್ಟರರು, ನರ್ಸುಗಳು ರೋಗಿಗಳ ಮೇಲೆ ಏನೇನು ಉಪಚಾರ ಮಾಡಿ ನೋಡಿದರು, ಅದರಿಂದ ಏನಾಯಿತು ಎಂಬುದನ್ನು ಬರೆದಿಡುತ್ತಾರೆ. ಆ ಲೇಖನಗಳದೆಲ್ಲ ಒಂದು ದೊಡ್ಡ ಉಗ್ರಾಣ ಕಂಪ್ಯೂಟರಿನೊಳಗೆ ಇದೆ. ಅದಕ್ಕೆ ಡೇಟಾಬೇಸ್ ಅನ್ನುತ್ತಾರೆ. ಉಗ್ರಾಣದಲ್ಲಿ ಕೋಟಿಗಟ್ಟಲೆ ಚೀಲ. ಬೇಕಾದ ಚೀಲವನ್ನು ಹುಡುಕಿ ತೆಗೆಯುವುದು ತನುಜಾಳ ವಿದ್ಯೆ. ನರ್ಸಿಂಗ್ ಓದುವ ಹುಡುಗಿಯರು ಬರುತ್ತಿದ್ದರು, ಹಾನಗಲ್ಲಿನಿಂದ ಸವಣೂರಿನಿಂದ ಡಾಕ್ಟರರು ಫೋನು ಮಾಡುತ್ತಿದ್ದರು: ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ, ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು ಒಣಗದಿದ್ದರೆ, ಹೊಸದಾಗಿ ಯಾರಾದರೂ ಏನಾದರೂ ಬರೆದಿದ್ದಾರೆಯೇ ಎಂದು.

ಪ್ರಾಚಾರ್ಯರಾದ ಪರಮೇಶಪ್ಪನವರಿಗೆ ಇದೆಲ್ಲ ಸುತ್ತುಬಳಸಿನ ದಾರಿ ಅನಿಸುತ್ತಿತ್ತು. "ತನುಜಾ ಬಾಯಾರ, ಗೂಗಲ್ಲಿಗೆ ಕೇಳಿದ್ರ ಒಂದ ನಿಮಿಷದಾಗ ಹೇಳತೈತಲ್ರಿ," ಅಂದರು ಒಂದು ದಿನ.

"ಸಂತ್ಯಾಗ ನಿಂತು ಕೂಗಿದ್ರ ಹೆಚ್ಚು ಒದರಾಂವ ಮೊದಲ ಓಡಿ ಬರತಾನ್ರಿ ಸರ. ನನಗ ಖರೇ ಹೇಳಾಂವ ಬೇಕಾಗ್ಯಾನ."

ಕಂಪ್ಯೂಟರು ಮುಟ್ಟುವ ಮೊದಲು ಕಾಗದದ ಮೇಲೆ ಪ್ರಶ್ನೆ ಬರೆಯಬೇಕು. ಅದು ಅವಳ ಕಟ್ಟುನಿಟ್ಟು. ಉದ್ದನೆಯ ನೋಟುಬುಕ್ಕಿನಲ್ಲಿ ಗೆರೆ ಎಳೆದು ನಾಲ್ಕು ಮನೆ ಮಾಡುತ್ತಿದ್ದಳು. ಚೌಕಾಬಾರಾ ಆಡಲಿಕ್ಕೇನೋ ಎಂದು ಅನ್ನವ್ವ ಮೊದಲು ತಿಳಿದಿದ್ದಳು. ಮೊದಲನೆಯ ಮನೆ: ಯಾರಿಗೆ. ಎರಡನೆಯದು: ಏನು ಮಾಡಿದರೆ. ಮೂರನೆಯದು: ಅದನ್ನು ಮಾಡದೆ ಬಿಟ್ಟವರಿಗೆ ಹೋಲಿಸಿದರೆ. ನಾಲ್ಕನೆಯದು: ಏನಾಗಬೇಕು. ಆಮೇಲೆ ಒಂದೊಂದು ಮನೆಗೂ ಶಬ್ದಗಳನ್ನು ಕೂಡಿಸುವುದು. ನೆಲದ ಮೇಲೆ ಬಿದ್ದಿದ್ದ ಆ ಇಪ್ಪತ್ಮೂರು ಚೀಟಿಗಳು ಹಾಗೆ ಕೂಡಿಸಿದವು; ಒಂದೇ ಬೇನೆಗೆ ಇಪ್ಪತ್ಮೂರು ಹೆಸರು.

"ಅಷ್ಟು ಹೆಸರು ಯಾಕ ಬೇಕು ಗೊತ್ತೇನು?" ಎಂದು ತನುಜಾ ಕೇಳಿದಾಗ ಅನ್ನವ್ವ ಹೇಳಿದ್ದಳು: "ನಮ್ಮ ಓಣ್ಯಾಗ ಒಬ್ಬಾಂವ ಅದಾನ್ರಿ. ರೇಷನ್ ಕಾರ್ಡಿನ್ಯಾಗ ಮೈಲಾರಲಿಂಗಪ್ಪ. ಓಣ್ಯಾಗ ಗಿಡ್ಡಪ್ಪ. ಹೆಂಡ್ತಿ ತವರಮನಿಯವರಿಗೆ ಚಾದಂಗಡಿ ಮಾವ. ಒಂದ ಹೆಸರು ಹಿಡಕೊಂಡು ಬಂದ್ರ ಪೋಸ್ಟಿನಾಂವಗೂ ಅವನ ಮನಿ ಸಿಗಂಗಿಲ್ಲ."

ತನುಜಾ ಕುರ್ಚಿಗೆ ಒರಗಿ ನಕ್ಕಳು. ಉಗ್ರಾಣದವರೂ ಪ್ರತಿ ಬೇನೆಗೆ ಒಂದು ರೇಷನ್ ಕಾರ್ಡಿನ ಹೆಸರು ಇಟ್ಟಿದ್ದಾರೆ, ಆ ಹೆಸರೂ ಬೇಕು, ಓಣಿಯ ಹೆಸರೂ ಬೇಕು ಎಂದು ಬಿಡಿಸಿ ಹೇಳಿದಳು. ಒಂದೇ ಬೇನೆಯ ಹೆಸರುಗಳ ನಡುವೆ 'ಅಥವಾ' ಅಂತ ಹಾಕಿದರೆ ಎಲ್ಲ ಒಂದು ಹೊರೆಯಾಗುತ್ತವೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ 'ಮತ್ತು' ಅಂತ ಹಾಕಿದರೆ ಜರಡಿ ಹಿಡಿದಂತೆ. ಎರಡೂ ಇದ್ದದ್ದು ಮಾತ್ರ ಉಳಿಯುತ್ತದೆ. 'ಬೇಡ' ಅನ್ನುವ ಶಬ್ದವೂ ಒಂದು ಇದೆ, ಆದರೆ ಅದನ್ನು ಹೆದರಿ ಬಳಸಬೇಕು. ಹೊಟ್ಟು ತೂರಲು ಹೋಗಿ ಕಾಳೂ ಹಾರಿಹೋಗುತ್ತದೆ. "ನೀವು ಚೀಟಿ ಒಗೀಲಾರದ ಇಟ್ಟಿದ್ರಲ್ಲ, ಹಂಗ," ಅಂದಳು.

ಶಬ್ದಗಳ ಹೊರೆಯ ಎರಡೂ ತುದಿಗೆ ಅವಳು ಬಾಗಿದ ಗೆರೆ ಎಳೆಯುತ್ತಿದ್ದಳು. ಇಂಗ್ಲಿಷಿನಲ್ಲಿ ಬ್ರಾಕೆಟ್. ಅನ್ನವ್ವನ ಕಣ್ಣಿಗೆ ಅವು ಎರಡು ಕುಡಗೋಲು, ಬಾಯಿಗೆ ಬಾಯಿ ಹಚ್ಚಿ ನಿಂತವು.

ಹುಡುಕಿ ಮುಗಿದ ಮೇಲೆ ನೋಟುಬುಕ್ಕಿನಲ್ಲಿ ತಾರೀಖು, ಯಾವ ಉಗ್ರಾಣ, ಯಾವ ಶಬ್ದ, ಎಷ್ಟು ಬಂದವು, ಓದಿ ನೋಡಿ ತೂರಿದ ಮೇಲೆ ಎಷ್ಟು ಉಳಿದವು ಎಂದು ಬರೆಯಬೇಕು. ಕಂಪ್ಯೂಟರಿನ ಮೂಲೆಯ ಅಂಕಿಯನ್ನು ಓದಿ ಹೇಳುವ ಕೆಲಸ ಬರಬರುತ್ತ ಅನ್ನವ್ವನದಾಯಿತು, ಆಮೇಲೆ ಬರೆಯುವುದೂ. ಅವಳು ಒಂದು ಅಂಕಿ ತಪ್ಪಿದವಳಲ್ಲ. ಒಮ್ಮೆ ಏನೂ ಉಳಿಯದ ದಿನ ಆ ಮನೆಯನ್ನು ಖಾಲಿ ಬಿಟ್ಟಳು. ತನುಜಾ ಪೆನ್ನು ತಿರುಗಿ ಕೈಗೆ ಕೊಟ್ಟಳು.

"ಸೊನ್ನಿನೂ ಬರೀಬೇಕು ಆಯಿ. ಬರೀಲಿಲ್ಲಂದ್ರ ನಾಳೆ ಬಂದಾಕಿ ಇಲ್ಲಿ ಯಾರೂ ಹುಡುಕಿಲ್ಲ ಅನಕೋತಾಳ. ಪಾಪ, ಮತ್ತ ಅಲ್ಲೇ ಕೆದರಕೋತ ಕೂಡತಾಳ."

ಅಷ್ಟರಲ್ಲಿ ಅನ್ನವ್ವ ಅವಳಿಗೆ ಆಯಿ ಆಗಿದ್ದಳು. ಗಂಡ ಉಳಿವೆಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವಳೊಬ್ಬಳೇ; ಆಯಿ ಎಂದು ಕರೆಯುವವರು ಯಾರೂ ಇರಲಿಲ್ಲ. ಮೂರು ವರ್ಷ ಹಾಗೆ ಕಳೆಯಿತು. ಮಧ್ಯಾಹ್ನ ಇಬ್ಬರೂ ಒಂದೇ ಮೇಜಿಗೆ ಬುತ್ತಿ ಬಿಚ್ಚುತ್ತಿದ್ದರು. ಅನ್ನವ್ವನ ರೊಟ್ಟಿಗೆ ತನುಜಾಳ ಪುಂಡಿಪಲ್ಯ.

ತನುಜಾಳ ಕೈಯಲ್ಲಿ ಬಿದ್ದ ಗುಳಿಯನ್ನು ಮೊದಲು ಕಂಡವಳು ಅನ್ನವ್ವನೇ. ತನುಜಾ ಪೆನ್ನಿನ ಟೋಪಿ ತೆಗೆಯಲಾರದೆ ಹಲ್ಲಿಗೆ ಹಚ್ಚಿದ್ದಳು.

"ಬಾಯಾರ, ನಿಮ್ಮ ಎಡಗೈ ತೋರಿಸ್ರಿ. ಹೆಬ್ಬಟ್ಟಿನ ಬುಡಕ್ಕ ಗುಳಿ ಬಿದ್ದೈತಿ. ಬಲಗೈಗೆ ಇಲ್ಲ."

"ವಯಸ್ಸಾತು ಆಯಿ, ಮಾಂಸ ಇಳೀತು."

"ನನಗ ಅರವತ್ತೆಂಟು. ನನ್ನವು ನೋಡ್ರಿ."

ಹುಬ್ಬಳ್ಳಿಗೆ ಹೋದಳು, ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಸೂಜಿ ಚುಚ್ಚಿ ನರಗಳ ಪರೀಕ್ಷೆ ಮಾಡಿದರು. ಹನ್ನೊಂದು ದಿನಕ್ಕೆ ತಿರುಗಿ ಬಂದವಳು ಬ್ಯಾಗು ಹೆಗಲಲ್ಲಿರುವಾಗಲೇ ಕಂಪ್ಯೂಟರಿನ ಮುಂದೆ ನಿಂತು, ಬಲಗೈಯಿಂದ ಶಬ್ದ ಒತ್ತತೊಡಗಿದಳು. ಅನ್ನವ್ವ ನೀರಿನ ಕೊಡ ಇಳಿಸಿ ನೋಡಿದಳು. ಮೇಜಿನ ಮೇಲೆ ನೋಟುಬುಕ್ಕು ಮುಚ್ಚಿಯೇ ಇತ್ತು.

"ಪ್ರಶ್ನಿ ಬರೀಲಿಲ್ಲಲ್ರಿ ಬಾಯಾರ?"

ತನುಜಾಳ ಕೈ ನಿಂತಿತು. ಬ್ಯಾಗು ಇಳಿಸಿ ಕುಳಿತಳು. ನೋಟುಬುಕ್ಕು ತೆರೆದು ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು. ಮೊದಲ ಮನೆಯಲ್ಲಿ ಬರೆದಳು: ನಲವತ್ತೊಂದು ವಯಸ್ಸಿನ ಹೆಂಗಸು, ನರ ಒಣಗಿ ಸ್ನಾಯು ಕರಗುವ ಬೇನೆ. ಅದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಹೆಸರಿವೆಯೋ ಅಷ್ಟನ್ನೂ ಬರೆದಳು. ಎರಡನೆಯದರಲ್ಲಿ: ಯಾವುದೇ ಉಪಚಾರ. ಮೂರನೆಯದರಲ್ಲಿ: ಉಪಚಾರವಿಲ್ಲದವರು. ನಾಲ್ಕನೆಯದರಲ್ಲಿ ಬರೆದ ಶಬ್ದವನ್ನು ಅನ್ನವ್ವ ಸ್ವಂತ ಕಣ್ಣಿನಿಂದ ಕೂಡಿಸಿ ಓದಿದಳು. ಎರಡೇ ಅಕ್ಷರ ಇದ್ದವು. ಗುಣ.

ಎಂಟು ನೂರ ಎಪ್ಪತ್ತಾರು ಬಂದವು. ಕಾಲೇಜಿನಲ್ಲಿ ಪಾಠ ಹೇಳುವ ಫರ್ಜಾನಾ ಜೊತೆಗೆ ಕುಳಿತು ಓದಿದಳು. ಸವಣೂರಿನ ಹುಡುಗಿ, ಹುಡುಕುವುದನ್ನು ತನುಜಾಳ ಹತ್ತಿರವೇ ಕಲಿತವಳು. ಇಪ್ಪತ್ತು ದಿನ ಹಿಡಿಯಿತು. ಉಳಿದದ್ದು ಸೊನ್ನೆ. ಅನ್ನವ್ವ ಸೊನ್ನೆ ಬರೆದಳು. ಮರುದಿನ ತನುಜಾ 'ಗುಣ' ಹೊಡೆದು 'ನಿಲ್ಲುವುದು' ಎಂದು ಬರೆದಳು. ಬೇನೆ ಗುಣವಾಗದಿದ್ದರೂ ಇದ್ದಲ್ಲೇ ನಿಂತರೆ ಸಾಕು. ಅದಕ್ಕೂ ಸೊನ್ನೆ. ಆಮೇಲೆ 'ತಡವಾಗುವುದು.' ಅದಕ್ಕೆ ಕೆಲವು ಉಳಿದವು. ಒಂದು ಗುಳಿಗೆ ಕೆಲವು ತಿಂಗಳ ಕಾಲ ತಡ ಮಾಡುತ್ತದಂತೆ. ಆ ಗುಳಿಗೆಯನ್ನು ಅವಳು ಆಗಲೇ ನುಂಗುತ್ತಿದ್ದಳು.

"ನಾಕನೇ ಮನಿ ಸಣ್ಣದಾಗಕೋತ ಹೊಂಟೈತಿ ಆಯಿ," ಅಂದಳು.

ಉಗ್ರಾಣಕ್ಕೆ ಒಮ್ಮೆ ಶಬ್ದಗಳನ್ನು ಕೊಟ್ಟು ಉಳಿಸಿಟ್ಟರೆ ಹೊಸ ಲೇಖನ ಬಂದಾಗ ವಾರಕ್ಕೊಮ್ಮೆ ಅದೇ ತಿಳಿಸುತ್ತದೆ. ಹಾಗೆ ಮಾಡಿಟ್ಟಳು. ಮಳೆಗಾಲ ಬರುವಷ್ಟರಲ್ಲಿ ಎಡಗೈ ಪೂರ್ತಿ ಹೋಯಿತು, ಬಲಗಾಲು ಎಳೆಯತೊಡಗಿತು. ತಂದೆ ಕರಿಬಸಪ್ಪ ಬಂದು ಹಂಸಭಾವಿಗೆ ಕರೆದುಕೊಂಡು ಹೋದ.

ಅಂದಿನಿಂದ ಅನ್ನವ್ವ ಪ್ರತಿ ಭಾನುವಾರ ಹಾನಗಲ್ಲಿನ ಮೇಲೆ ಬಸ್ಸು ಬದಲಿಸಿ ಹಂಸಭಾವಿಗೆ ಹೋಗುತ್ತಿದ್ದಳು, ಚೀಲದಲ್ಲಿ ನೋಟುಬುಕ್ಕು ಇಟ್ಟುಕೊಂಡು. ಬಾ ಎಂದು ಯಾರೂ ಹೇಳಿರಲಿಲ್ಲ. ನೋಟುಬುಕ್ಕಿನಲ್ಲಿ ವಾರ ತಪ್ಪಬಾರದು, ಅಷ್ಟೇ.

ಕರಿಬಸಪ್ಪ ಬೀಜದ ಅಂಗಡಿ ಇಟ್ಟಿದ್ದವನು, ಹೆಂಡತಿ ಇಲ್ಲದ ಮನೆಯಲ್ಲಿ ಮಗಳಿಗೆ ತಾನೇ ತುತ್ತು ಮಾಡಿ ಉಣಿಸುವವನು. ಯಾರೋ ಹೇಳಿದರೆಂದು ಒಂದು ಬಾಟಲಿ ಎಣ್ಣೆ ತಂದಿದ್ದ.

"ಅಪ್ಪಾ, ಈ ಎಣ್ಣಿ ಎಷ್ಟು ಮಂದಿಗೆ ಹಚ್ಚ್ಯಾರ?"

"ನೂರಾರು ಮಂದಿಗೆ ಅಂತವ್ವಾ."

"ಹಚ್ಚಲಾರದ ಬಿಟ್ಟು ಎಷ್ಟು ಮಂದೀನ್ನ ನೋಡ್ಯಾರ?"

"ಹಚ್ಚಲಾರದವರನ್ನ ಯಾರು ನೋಡತಾರ, ಹುಚ್ಚಿ?"

"ಅದ ನೋಡಪ್ಪಾ ಮೂರನೇ ಮನಿ." ಅವಳ ಮಾತು ಆಗಲೇ ತೊದಲತೊಡಗಿತ್ತು. ತಂದೆಯ ಕೈ ನೋಡಿ, "ಹಚ್ಚು. ನಿನ್ನ ಕೈಗರ ಕೆಲಸ ಸಿಗತೈತಿ," ಅಂದಳು. ಕರಿಬಸಪ್ಪ ದಿನಾ ಹಚ್ಚಿದ. ಎಣ್ಣೆಯ ಬಾಟಲಿ ಮುಗಿಯಿತು, ಅದರ ಬಗ್ಗೆ ನೋಟುಬುಕ್ಕಿನಲ್ಲಿ ಯಾರೂ ಏನೂ ಬರೆಯಲಿಲ್ಲ.

ದೀಪಾವಳಿಯ ಹಿಂದಿನ ಭಾನುವಾರ ಅವಳ ಲ್ಯಾಪ್‌ಟಾಪಿನಲ್ಲಿ ಉಳಿಸಿಟ್ಟ ಶಬ್ದಗಳೆಲ್ಲ ಯಾಕೋ ಅಳಿಸಿಹೋಗಿದ್ದವು. ಮತ್ತೆ ಮೊದಲಿನಿಂದ ಒತ್ತಬೇಕು, ಒತ್ತಲು ಅವಳ ಬೆರಳು ಏಳುತ್ತಿರಲಿಲ್ಲ. ಅನ್ನವ್ವ ನೋಟುಬುಕ್ಕನ್ನು ಮಗ್ಗುಲಿಗೆ ಇಟ್ಟುಕೊಂಡು, ಒಂದೊಂದು ಅಕ್ಷರದ ಆಕಾರ ನೋಡಿ, ಕೀಲಿಯ ಮೇಲೆ ಅದೇ ಆಕಾರ ಹುಡುಕಿ ಒಂದೇ ಬೆರಳಿನಿಂದ ಒತ್ತಿದಳು. ಬೆಳಗಿನ ಹತ್ತಕ್ಕೆ ಕುಳಿತವಳು ಒಂದೂವರೆಗೆ ಮುಗಿಸಿದಳು. ಕೊನೆಗೆ ಆ ವಾರದವು ಮಾತ್ರ ಬರುವಂತೆ ತಾರೀಖನ್ನೂ ಹಾಕಿ, ಒತ್ತುವುದನ್ನು ಒತ್ತಿದಾಗ ಮೂಲೆಯಲ್ಲಿ ಅಂಕಿ ಮೂಡಿತು.

"ಎಷ್ಟು?" ಎಂದಳು ತನುಜಾ ಹಾಸಿಗೆಯಿಂದ.

"ನಾಲ್ಕುನೂರಾ ಹನ್ನೆರಡು."

"ಆಯಿ, ಸರಿಯಾಗಿ ನೋಡು."

"ನಾಲ್ಕು, ಒಂದು, ಎರಡು."

ಹೊಸದಾಗಿ ಬಂದವು ವಾರಕ್ಕೆ ಮೂವತ್ತು ದಾಟುತ್ತಿರಲಿಲ್ಲ. ಎಲ್ಲೋ ಏನೋ ಸಿಕ್ಕಿರಬೇಕು, ಅದನ್ನು ಹಿಡಿದು ಎಲ್ಲರೂ ಬರೆಯತೊಡಗಿರಬೇಕು. ತನುಜಾ ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಬೇರೆ ದಿನವಾಗಿದ್ದರೆ ಮೊದಲು ಶಬ್ದಗಳನ್ನು ಓದಿಸಿ ತಾಳೆ ನೋಡುತ್ತಿದ್ದಳು. ಅದು ಅವಳೇ ಹುಡುಗಿಯರಿಗೆ ಕಲಿಸಿದ ಪಾಠ. ಅಂದು ನೋಡಲಿಲ್ಲ. ಫರ್ಜಾನಾಗೆ ಫೋನು ಹಚ್ಚಿಸಿದಳು. ನಾಲ್ಕೂವರೆಗೆ ಬಂದು ಮುಟ್ಟುತ್ತೇನೆ ಅಂದಳು ಫರ್ಜಾನಾ.

"ಆಯಿ, ನನ್ನ ತಲಿ ಬಾಚತಿ?" ಎಂದು ಕೇಳಿದಳು ತನುಜಾ.

ಅನ್ನವ್ವ ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ನಡುಬೈತಲೆ ತೆಗೆದು ಹೆರಳು ಹಾಕಿದಳು. ಕರಿಬಸಪ್ಪ ಅಂಗಡಿಯ ಬಾಗಿಲು ಹಾಕಿ ಬಂದು ಹೊಸ್ತಿಲ ಮೇಲೆ ಕುಳಿತ. ಆ ಮೂರು ತಾಸಿನಂಥ ಮೂರು ತಾಸು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಫರ್ಜಾನಾ ಬಂದು ಚಪ್ಪಲಿ ಬಿಟ್ಟವಳೇ ಓದಲು ಕುಳಿತಳು. ಒಂದು ಓದಿದಳು, ಎರಡು ಓದಿದಳು. ಹುಬ್ಬು ಗಂಟು ಹಾಕಿದಳು.

"ಅಕ್ಕಾರ, ಇದು ಮಕ್ಕಳ ಜಂತಹುಳದ ಗುಳಿಗಿದ್ರಿ. ಇದು ಮೊಣಕಾಲು ನೋವಿಂದು. ಇದು ಹಲ್ಲಿಂದು."

ತನುಜಾ ಕಣ್ಣು ಮುಚ್ಚಿದಳು. "ಶಬ್ದ ಓದು," ಅಂದಳು.

ಶಬ್ದಗಳೆಲ್ಲ ಸರಿಯಿದ್ದವು, ಒಂದು ಅಕ್ಷರ ಹೆಚ್ಚುಕಡಿಮೆ ಇರಲಿಲ್ಲ. ಫರ್ಜಾನಾ ಲ್ಯಾಪ್‌ಟಾಪನ್ನು ತನುಜಾಳ ಮುಖದ ಮುಂದೆ ಹಿಡಿದಳು. ತನುಜಾ ಬಹಳ ಹೊತ್ತು ನೋಡಿದಳು.

"ಆಯಿ, ಈ ಕುಡಗೋಲು ಯಾಕ ಒಂದಕ್ಕೊಂದು ಬೆನ್ನು ಮಾಡಿ ನಿಂತಾವ?"

ಅನ್ನವ್ವ ಬಗ್ಗಿ ನೋಡಿದಳು. "ಬಾಯಿಗೆ ಬಾಯಿ ಹಚ್ಚಿ ಇಡಬಾರದ್ರಿ ಬಾಯಾರ, ಮನ್ಯಾಗ ಜಗಳ ಹುಟ್ಟತೈತಿ. ನಮ್ಮತ್ತಿ ಹೇಳತಿದ್ದಳು. ಕಣದಾಗ ಆತು, ಕೊಟಗ್ಯಾಗ ಆತು, ನಾ ಯಾವತ್ತೂ ಬೆನ್ನಿಗೆ ಬೆನ್ನು ಇಡಾಕಿ. ಕೈ ತಾನ ಹೊಳ್ಳಿಸಿ ಇಟ್ಟೈತಿ."

ಆ ಎರಡು ಗೆರೆ ಹೊರೆ ಕಟ್ಟುವ ಹಗ್ಗವಾಗಿತ್ತು. ಹಗ್ಗ ಬಿಚ್ಚಿದ ಹೊರೆ ಚೆಲ್ಲಾಪಿಲ್ಲಿಯಾಗಿ, ಯಾರದೋ ಬೇನೆ, ಯಾರದೋ ಗುಳಿಗೆ ಎಲ್ಲ ಅದರಲ್ಲಿ ಬಂದು ಸೇರಿತ್ತು.

ತನುಜಾ ನಕ್ಕಳು. ನಕ್ಕು ನಕ್ಕು ಉಗುಳು ನೆತ್ತಿಗೇರಿ, ಕರಿಬಸಪ್ಪ ಓಡಿಬಂದು ಎತ್ತಿ ಕೂಡಿಸಿ ಬೆನ್ನು ತಟ್ಟಬೇಕಾಯಿತು. "ನನ್ನ ಮನ್ಯಾಗ ಜಗಳಾಡಾಕ ಯಾರು ಅದಾರ ಆಯಿ," ಅಂದಳು ಏದುಸಿರು ಬಿಡುತ್ತ. ಫರ್ಜಾನಾ ಗೆರೆಗಳನ್ನು ತಿರುಗಿಸಿ ಮತ್ತೆ ಒತ್ತಿದಳು. ಇಪ್ಪತ್ತಾರು ಬಂದವು. ಕತ್ತಲಾಗುವುದರೊಳಗೆ ಓದಿ ಮುಗಿಸಿದರು. ಅನ್ನವ್ವ ಸೊನ್ನೆ ಬರೆದಳು. ಬಸ್ಸಿನಲ್ಲಿ ಹಾನಗಲ್ಲಿನವರೆಗೂ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದಳು.

ಸಂಕ್ರಾಂತಿಯ ಹೊತ್ತಿಗೆ ಮಾತು ನಿಂತಿತು. ನಾಲ್ಕನೆಯ ಮನೆಯಲ್ಲಿ ಈಗ 'ನುಂಗಲು ಬರುವುದು' ಎಂದಿತ್ತು. ಅದನ್ನು ಫರ್ಜಾನಾ ಬರೆದಿದ್ದಳು, ತನುಜಾ ಕಣ್ಣಿನಿಂದ ಒಪ್ಪಿದ್ದಳು. ಫರ್ಜಾನಾ ಒಂದು ರಟ್ಟಿನ ಮೇಲೆ ಅಕ್ಷರಗಳನ್ನು ದಪ್ಪಗೆ ಬರೆದುಕೊಟ್ಟಳು. ಅನ್ನವ್ವ ಒಂದೊಂದರ ಮೇಲೆ ಬೆರಳಿಡುತ್ತ ಹೋಗಬೇಕು. ಬೇಕಾದ ಅಕ್ಷರ ಬಂದಾಗ ತನುಜಾ ರೆಪ್ಪೆ ಮುಚ್ಚುತ್ತಾಳೆ. ಕೊಂಬು, ಗುಡಿಸು, ಒತ್ತಕ್ಷರ ಯಾವುದೂ ಇಲ್ಲ. ಅಷ್ಟಕ್ಕೆ ತ್ರಾಣ ಇರಲಿಲ್ಲ. ಬೋಳು ಅಕ್ಷರಗಳನ್ನು ಕೂಡಿಸಿ ಮಾತು ಮಾಡಿಕೊಳ್ಳುವುದು ಅನ್ನವ್ವನ ಪಾಲಿನದು. ಅರವತ್ತೊಂಬತ್ತನೆಯ ವಯಸ್ಸಿಗೆ ಅವಳು ಅಕ್ಷರ ಕಲಿತದ್ದು ಹೀಗೆ.

ಮಾಘದ ಕೊನೆಯ ಭಾನುವಾರ ಅನ್ನವ್ವ ಹೋದಾಗ ತನುಜಾಳ ಗಂಟಲಲ್ಲಿ ಗೊರಗೊರ ಸದ್ದು ಇತ್ತು. ಕರಿಬಸಪ್ಪ ಒದ್ದೆ ಬಟ್ಟೆಯಿಂದ ಅವಳ ತುಟಿ ಒರೆಸುತ್ತಿದ್ದ. ಆ ವಾರ ಬಂದವು ಇಪ್ಪತ್ತೊಂಬತ್ತು. ಶನಿವಾರವೇ ಫರ್ಜಾನಾ ಎಲ್ಲವನ್ನೂ ಓದಿ, ಒಂದೂ ಉಳಿಯಲಿಲ್ಲ ಎಂದು ಅನ್ನವ್ವನಿಗೆ ಹೇಳಿ ಕಳಿಸಿದ್ದಳು. ಅನ್ನವ್ವ ಹಾಸಿಗೆಯ ಬದಿಗೆ ಕುಳಿತು ನೋಟುಬುಕ್ಕು ತೆರೆದಳು. ತಾರೀಖು ಬರೆದಳು. ಉಗ್ರಾಣದ ಹೆಸರು ಬರೆದಳು. ಬಂದವು, ಎರಡು, ಒಂಬತ್ತು. ಮುಂದಿನ ಮನೆಗೆ ಬಂದಾಗ ಅವಳ ಪೆನ್ನು ನಿಂತಿತು. ತನುಜಾಳ ಮುಖದ ಮುಂದೆ ಕುಳಿತು ಅದನ್ನು ಬರೆಯಲು ಕೈ ಬರಲಿಲ್ಲ. ಬಸ್ಸಿನಲ್ಲಿ ಬರೆದರಾಯಿತು ಎಂದುಕೊಂಡು ನೋಟುಬುಕ್ಕು ಮುಚ್ಚಿ, ಸೆರಗಿನ ಕೆಳಗೆ ಇಟ್ಟುಕೊಂಡಳು.

ತನುಜಾ ನೋಡುತ್ತಿದ್ದಳು. ಅವಳ ಕಣ್ಣು ಸೆರಗಿನಿಂದ ಗೋಡೆಗೆ ಒರಗಿಸಿದ್ದ ರಟ್ಟಿನ ಕಡೆಗೆ ಹೋಯಿತು, ತಿರುಗಿ ಸೆರಗಿನ ಕಡೆಗೆ ಬಂತು. ಅನ್ನವ್ವ ರಟ್ಟನ್ನು ತೊಡೆಯ ಮೇಲಿಟ್ಟು ಬೆರಳು ನಡೆಸಿದಳು. ಮೊದಲ ರೆಪ್ಪೆ ಬಿದ್ದದ್ದು 'ಸ' ಮೇಲೆ. ಮತ್ತೆ ಮೊದಲಿನಿಂದ, 'ನ'. ನಡುವೆ ಎರಡು ಸಲ ಉಸಿರಿಗಾಗಿ ನಿಲ್ಲಬೇಕಾಯಿತು, ಕರಿಬಸಪ್ಪ ತಲೆಯನ್ನು ಒಂದು ಮಗ್ಗುಲಿಗೆ ಹೊರಳಿಸಿದ. ಆಮೇಲೆ 'ಬ'. 'ರ'. 'ದ'. ಅರ್ಧ ತಾಸು ಹಿಡಿಯಿತು. ಮುಂದಿನ ಬುಧವಾರದವರೆಗೆ ಉಸಿರಿತ್ತು, ಆದರೆ ಆ ಭಾನುವಾರದ ನಂತರ ರಟ್ಟಿನ ಮೇಲೆ ಅವಳ ರೆಪ್ಪೆ ಮತ್ತೆ ಬೀಳಲಿಲ್ಲ.

ಅನ್ನವ್ವ ಐದು ಬೋಳು ಅಕ್ಷರಗಳನ್ನು ಬಾಯೊಳಗೆ ಕೂಡಿಸಿದಳು, ಕೊಂಬು ಗುಡಿಸು ತಾನೇ ಹಚ್ಚಿದಳು. ತಪ್ಪಿರಬಾರದೆಂದು ಇನ್ನೊಮ್ಮೆ ಕೂಡಿಸಿ, ಗಟ್ಟಿಯಾಗಿ ಓದಿ ತೋರಿಸಿದಳು. ತನುಜಾ ರೆಪ್ಪೆ ಮುಚ್ಚಿ ಹೌದು ಅಂದಳು. ಅವಳು ಕೇಳಿದ್ದು ಇಷ್ಟು:

"ಸೊನ್ನಿ ಬರದಿ?"